ಮರುಮುದ್ರಣದಲ್ಲಿಲ್ಲದ ಕಹಳೆ

ಹ್ಯಾಂಬರ್ಗಿನ ನನ್ನ ಮೊದಲ ಭಾನುವಾರ ಬಾಲ್ಕನಿಯಲ್ಲಿ ತೆಂಗಿನಕಾಯಿ ಒಡೆದೆ. ಕೆಳಮನೆಯ ಗೃಹಸ್ಥರು ಮೇಲೆ ಬಂದು, ಕರೆಗಂಟೆ ಒತ್ತಿ, ‘ರೂಹೆ’ ಎಂದಷ್ಟೇ ಹೇಳಿ ಹೋದರು. ರೂಹೆ ಎಂದರೆ ನಿಶ್ಶಬ್ದ. ಭಾನುವಾರ ಇಲ್ಲಿ ಅದು ಕಾನೂನು ಎಂದು ಮಗಳು ತಿಳಿಸಿದಳು. ಅವಳು ಇಲ್ಲಿನ ಆಸ್ಪತ್ರೆಯೊಂದರಲ್ಲಿ ನರ್ಸ್. ಭಟ್ಕಳದ ಹತ್ತಿರದ ನಮ್ಮೂರು ಮಂಕಿಯ ಮನೆಯಲ್ಲಿ ಸದ್ದಿಲ್ಲವೆಂದರೆ ಯಾರಿಗೋ ಜ್ವರವೆಂದು ಅರ್ಥ. ಇಲ್ಲಿ ಸದ್ದಿಲ್ಲವೆಂದರೆ ಎಲ್ಲರೂ ಕ್ಷೇಮ.

ಈ ಕ್ಷೇಮ ನನಗೆ ಒಗ್ಗಲಿಲ್ಲ. ಊರಿಗೆ ಮರಳುವ ಮಾತನ್ನೇ ಆಡುತ್ತಿದ್ದೆ. ಆಗ ರೆಕಾರ್ಡ್ ಅಂಗಡಿಯೊಂದರ ಗಾಜಿನ ಹಿಂದೆ ಪರಿಚಿತ ಮುಖಪುಟ ಕಂಡಿತು: ಭಟ್ಕಳದ ಗೆಳೆಯ ಇಸ್ಮಾಯಿಲ್ ಯೌವನದಲ್ಲಿ ನನಗೆ ಕ್ಯಾಸೆಟ್ ಮಾಡಿಕೊಟ್ಟಿದ್ದ ಜಾಜ್-ರಾಕ್ ಆಲ್ಬಂ. ಮೂಲ ರೆಕಾರ್ಡನ್ನು ಅವನ ಅಣ್ಣ ದುಬೈನಿಂದ ತಂದಿದ್ದರು. ಇದು ಹಳೆಯ ಧ್ವನಿಯನ್ನು ಶುದ್ಧಗೊಳಿಸಿದ ಮರುಮುದ್ರಣ. ಊರಿನ ತುಣುಕೊಂದು ಸಿಕ್ಕಿತೆಂದು ಕೊಂಡು, ಮನೆಗೆ ತಂದು ಹಾಕಿದೆ.

ಡ್ರಮ್ ತಗ್ಗಿ, ಪಿಯಾನೊ ಉಸಿರು ಹಿಡಿಯುವಲ್ಲಿ ಕಹಳೆಯೊಂದು ಎರಡು ಬಾರಿ ಕೂಗಬೇಕು. ಕೂಗಲಿಲ್ಲ. ಇಷ್ಟು ವರ್ಷ ನಾನು ಕಾದು ಕೇಳಿದ್ದು ಆ ಕೂಗನ್ನೇ.

ಮಗಳನ್ನು ಕರೆದುಕೊಂಡು ಅಂಗಡಿಗೆ ಮರಳಿದೆ. ಅಂಗಡಿಯೊಡತಿ ಹೊದಿಕೆಯ ಮೇಲಿನ ಕಲಾವಿದರ ಹೆಸರುಗಳನ್ನು ತೋರಿಸಿದಳು; ಅದರಲ್ಲಿ ಕಹಳೆ ಊದುವವನಿರಲಿಲ್ಲ.

“ಛಾಪಿಸಿದ್ದೆಲ್ಲ ಖರೇನಾ? ತೊಳೆಯೂಕೆ ಹೋಗಿ ಕಹಳೆನೇ ತೆಗೆದ್ರು ಅಂತ ಹೇಳೇ ಅವರಿಗೆ,” ಎಂದೆ. ಮಗಳು ಅನುವಾದಿಸಲು ನಾಚಿದಳು.

ಸಾಕ್ಷಿ ಹೇಳಲೆಂದು ಅಲ್ಲಿಂದಲೇ ಗೆಳೆಯನಿಗೆ ಫೋನ್ ಮಾಡಿದೆ. “ಇಸ್ಮಾಯಿಲ್, ನಿನ್ನ ಕ್ಯಾಸೆಟ್ಟಲ್ಲಿ ಕಹಳೆ ಇತ್ತೋ ಇಲ್ವೋ? ಪೋಂ, ಪೋಂ!”

ಅವನು ನಕ್ಕು ನಕ್ಕು ಕೆಮ್ಮಿದ. “ಎಂತ ಕಹಳೆ ಮಾರಾಯಾ! ರೆಕಾರ್ಡ್ ತಿರುಗ್ತಿತ್ತು, ಟೇಪ್‌ರೆಕಾರ್ಡರ್ ಎದುರಿಗಿಟ್ಟಿದ್ದೆ, ಕಿಟಕಿ ತೆಗೆದಿತ್ತು. ಅದು ಮೀನಿನವನ ಸೈಕಲ್ ಹಾರ್ನ್!”

“ಆಗಲೇ ಹೇಳೂಕೆ ಎಂತಾಗಿತ್ತು?”

“ನೀ ಅದನ್ನೇ ಹೊಗಳ್ತಾ ಕೂತಿದ್ದೆ. ನಿನ್ನ ಹತ್ರ ವಾದ ಮಾಡಿ ಗೆದ್ದವರಿದ್ದಾರಾ? ಅವತ್ತಿನ ಬಂಗುಡೆ ಮಾತ್ರ ಚಲೋ ಇತ್ತು.”

ವಿಷಯ ತಿಳಿದ ಅಂಗಡಿಯೊಡತಿ ನಗಲಿಲ್ಲ. ಆ ಕ್ಯಾಸೆಟ್ ಕೇಳಬೇಕೆಂದಳು. ನುಡಿಸುವ ಯಂತ್ರವಿಲ್ಲದೆ ನನ್ನ ಪೆಟ್ಟಿಗೆಯ ತಳದಲ್ಲಿ ಬಿದ್ದಿದ್ದ ಅದನ್ನು ಮರುದಿನ ಒಯ್ದೆ. ಹಾರ್ನ್ ಕೂಗಿದಾಗ ಅವಳು ಕೈಯೆತ್ತಿದಳು, ಟೇಪನ್ನು ಹಿಂದಕ್ಕೆ ತಿರುಗಿಸಿ ಮತ್ತೆ ಕೇಳಿದಳು. ಭಟ್ಕಳದ ಆ ಮೀನಿನವನನ್ನು ಇಷ್ಟು ದೂರದ ಊರಿನಲ್ಲಿ ಎರಡನೆಯ ಬಾರಿ ಕರೆದವಳು ಅವಳೊಬ್ಬಳೇ. ಅಂದಿನಿಂದ ಮರಳುವ ಮಾತು ಕಡಿಮೆಯಾಗಿದೆ.

ಈಗ ಭಾನುವಾರಗಳಂದು ಸದ್ದು ತಗ್ಗಿಸಿ ಮರುಮುದ್ರಣವನ್ನೇ ಕೇಳುತ್ತೇನೆ. ಗಿಟಾರಿನ ತಂತಿಯ ಮೇಲೆ ಬೆರಳು ಸರಿಯುವುದೂ ಕೇಳುವಷ್ಟು ಶುದ್ಧವಾಗಿದೆ, ಅದನ್ನು ಒಪ್ಪಲೇಬೇಕು. ಆದರೆ ಪಿಯಾನೊ ನಿಲ್ಲುವ ಆ ಎಡೆಯಲ್ಲಿ ಹ್ಯಾಂಬರ್ಗಿನ ಮೌನವಷ್ಟೇ ಇದೆ. ಅಲ್ಲಿ ನಾನೇ ಮೆಲ್ಲಗೆ ‘ಪೋಂ, ಪೋಂ’ ಎನ್ನುತ್ತೇನೆ.

“ಅಪ್ಪಾ, ರೂಹೆ!” ಎಂದು ಗದರುತ್ತಾಳೆ ಮಗಳು. ಗದರಿ, ಅಡುಗೆಮನೆಯಿಂದ ಪಾತ್ರೆ ಹಿಡಿದು, ಮೀನಿನವನು ಬಂದನೇನೋ ಎಂಬಂತೆ ಬಾಗಿಲವರೆಗೆ ನಡೆಯುತ್ತಾಳೆ.