ವಡೆಯ ಮೆಣಸೂ ಕಾಣುವಷ್ಟು ಕ್ವಾಲಿಟಿ

ಗೆಳೆಯರೇ, ಕ್ಯಾಮ್‌ಕಾರ್ಡರ್ ಇಟ್ಟುಕೊಂಡವರು ಸ್ವಲ್ಪ ಹುಷಾರಾಗಿರಿ.

ತಂಗಿಯ ಮಗನ ಮುಂಜಿಯಲ್ಲಿ ನಾನೇ ತೆಗೆದ ಟೇಪನ್ನು ಒಂದಿಷ್ಟೂ ಕುಗ್ಗಿಸದೆ ಕಂಪ್ಯೂಟರಿಗೆ ಇಳಿಸಿಕೊಂಡಿದ್ದೆ. ಜಾಗ ಸಾಲದೆ ನನ್ನ ಹಾಡುಗಳನ್ನೆಲ್ಲ ಅಳಿಸಿದ್ದೆ. ಡಿವಿಡಿಗೂ ಅತಿ ಹೆಚ್ಚಿನ ಕ್ವಾಲಿಟಿಯಲ್ಲೇ ಹಾಕಿ, ಇವತ್ತು ಬೆಳಿಗ್ಗೆ ಅಣ್ಣಾ ನಗರದ ದೊಡ್ಡಪ್ಪನ ಮನೆಗೆ ಒಯ್ದೆ. ಎಲ್ಲರೂ ಟಿವಿ ಮುಂದೆ ಕೂತರು.

ಮುಂಜಿಯ ದಿನ ಮಡಿಯುಟ್ಟು, ‘ನೈವೇದ್ಯ ಆಗೋವರೆಗೂ ಯಾರೂ ಏನೂ ಮುಟ್ಟೋ ಹಾಗಿಲ್ಲ’ ಎಂದು ನಮ್ಮನ್ನೆಲ್ಲ ಹಸಿವಿನಲ್ಲಿ ಕೂರಿಸಿದವರು ಇದೇ ದೊಡ್ಡಪ್ಪ. ಈಗ ಟಿವಿಯಲ್ಲಿ ಹೋಮ ನಡೆಯುತ್ತಿದ್ದಾಗ ಹಿಂದಿನ ಕಂಬದ ಪಕ್ಕ ಅವರ ಕೈ ಬಾಯಿಗೆ ಹೋಯಿತು.

ಅವರ ಮೊಮ್ಮಗಳು ತಮಿಳಿನಲ್ಲಿ ಕಿರುಚಿದಳು, “ತಾತಾ ವಡೈ ಸಾಪ್ಪಿಡ್ರಾರು!” ತಾತ ವಡೆ ತಿಂತಿದಾರೆ ಅಂತ.

ವಡೆಯಲ್ಲಿದ್ದ ಮೆಣಸನ್ನೂ ಎಣಿಸಬಹುದಿತ್ತು.

ದೊಡ್ಡಪ್ಪ ನನ್ನನ್ನು ಬಾಲ್ಕನಿಗೆ ಎಳೆದೊಯ್ದರು. “ಇಷ್ಟು ಕ್ಲಿಯರಾಗಿ ಯಾಕೋ ಮಾಡ್ದೆ? ಕೊಂಜ, ಒಂಚೂರು ಮಂಜುಮಂಜಾಗಿ ಮಾಡ್ಕೊಡೋ!”

ಒಳಗಿನಿಂದ ದೊಡ್ಡಮ್ಮ ಕೂಗಿದರು, “ಏನೂ ಮುಟ್ಬೇಡ, ಹಾಗೇ ಇರ್ಲಿ. ಪಲ್ಲಾವರಂ ನಾದಿನಿಗೊಂದು, ನಮ್ಮಣ್ಣಂಗೊಂದು, ಒಟ್ಟು ಎಂಟು ಕಾಪಿ ಹಾಕು!”

ಇಷ್ಟು ವರ್ಷಗಳಲ್ಲಿ ನನ್ನ ವಿಡಿಯೋ ಕ್ವಾಲಿಟಿಯ ಬೆಲೆ ತಿಳಿದವರು ದೊಡ್ಡಮ್ಮ ಒಬ್ಬರೇ.