ಅಕ್ಕನ ಮಗಳು ಮತ್ತು ನನ್ನ ವಿಜ್ಞಾನ ಕಥೆ

ಸಿನಿಮಾದಲ್ಲಿ ರೋಬೋಟು ಅಳಲು ತೊಡಗಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ಟಿವಿ ಧಾರಾವಾಹಿಯಲ್ಲಿ ಬಿಳಿ ಕೋಟಿನ ವಿಜ್ಞಾನಿಯೊಬ್ಬ ಬಣ್ಣದ ನೀರು ತುಂಬಿದ ಗಾಜಿನ ಕೊಳವೆ ಅಲ್ಲಾಡಿಸಿ, ಮರುದಿನವೇ ಕಾಲಯಂತ್ರ ಏರಿ ಹೊರಟುಬಿಟ್ಟರೆ ರಿಮೋಟು ಬಿಸಾಡುವಷ್ಟು ಸಿಟ್ಟು ಬರುತ್ತದೆ. ಇದನ್ನು ಮನೆಯಲ್ಲಿ ಗೊಣಗಿ ಸುಮ್ಮನಾಗುವವನೂ ನಾನಲ್ಲ. ಮುಂಬಯಿ ಹೊರವಲಯದ ಡೊಂಬಿವಲಿಯ ನಮ್ಮ ಕನ್ನಡ ಸಂಘದಲ್ಲಿ ಮೈಕು ಹಿಡಿದು ಹೇಳುತ್ತೇನೆ, ಪೇಪರಿನ ಭಾನುವಾರದ ಪುರವಣಿಯಲ್ಲಿ ಬರೆಯುತ್ತೇನೆ. ನಡುವೆ ಕಥೆಗಳನ್ನೂ ಬರೆಯುತ್ತೇನೆ. ವಿಜ್ಞಾನ ಕಥೆಗಾರ ಎಂದು ಈ ಕಡೆಯ ನಾಲ್ಕು ಜನ ಗುರುತಿಸುತ್ತಾರೆ. ಆ ಗುರುತಿನ ಬಗ್ಗೆ ನನಗಿದ್ದ ಜಂಬ ಅಷ್ಟಿಷ್ಟಲ್ಲ.

ನನ್ನ ಭಾಷಣ ಯಾವಾಗಲೂ ಒಂದೇ. ಕಥೆಯಲ್ಲಿ ಒಂದು ಸುಳ್ಳಿಗೆ ಮಾತ್ರ ಜಾಗ. ಮನುಷ್ಯ ಮಂಗಳ ಗ್ರಹದಲ್ಲಿ ಸಂಸಾರ ಹೂಡಿದ್ದಾನೆ ಅನ್ನಿ, ಒಪ್ಪುತ್ತೇನೆ. ಆಮೇಲೆ ಅವನು ಏನು ಉಣ್ಣುತ್ತಾನೆ, ನೀರು ಎಲ್ಲಿಂದ ತರುತ್ತಾನೆ, ಚಳಿಗೆ ಏನು ಹೊದೆಯುತ್ತಾನೆ, ಎಲ್ಲಕ್ಕೂ ಸರಿಯಾದ ಉತ್ತರ ಬೇಕು. ನಮ್ಮ ಸಿನಿಮಾದವರಿಗೆ ಅಷ್ಟು ತಾಳ್ಮೆ ಎಲ್ಲಿದೆ? ಹಾಡು ಶುರುವಾದ ಕೂಡಲೇ ಗಗನಯಾತ್ರಿಯ ಹೆಲ್ಮೆಟ್ಟು ಕಳಚಿ ಬೀಳುತ್ತದೆ, ಕೂದಲು ಗಾಳಿಗೆ ಹಾರುತ್ತದೆ. ಗಾಳಿಯೇ ಇಲ್ಲದ ಕಡೆ. ಹೀಗೆಂದಾಗಲೆಲ್ಲ ಸಭೆಯಲ್ಲಿ ಜನ ನಗುತ್ತಿದ್ದರು, ನನಗೆ ಆ ನಗುವಿನ ರುಚಿ ಹತ್ತಿಬಿಟ್ಟಿತ್ತು.

ಈ ಬೇಸಿಗೆಯಲ್ಲಿ ಠಾಣೆ ಪಕ್ಕದ ಕಳವಾ ಎಂಬಲ್ಲಿಂದ ಅಕ್ಕ ಫೋನ್ ಮಾಡಿದಳು. ನಮ್ಮಿಬ್ಬರ ನಡುವಿನ ಮಾತು ತುಳುವಿನಲ್ಲಿ. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ಮಗಳಿಗೊಂದು ಸಂಬಂಧ ಬಂದಿದೆ ಮಾರಾಯ. ವಾಶಿಯವರು," ಎಂದಳು.

ಅಕ್ಕನ ಮಗಳು ಜ್ವರದಲ್ಲಿ ತೀರಿಕೊಂಡಾಗ ಅವಳಿನ್ನೂ ಅಂಬೆಗಾಲಿಡುವ ಕೂಸು. ನಮ್ಮ ತುಳುನಾಡಿನ ಹಲವು ಮನೆಗಳಲ್ಲಿ ಹಾಗೆ ಹೋದ ಮಕ್ಕಳು ಅಷ್ಟಕ್ಕೇ ನಿಲ್ಲುವುದಿಲ್ಲ. ಮನೆಯ ಉಳಿದ ಮಕ್ಕಳ ಜೊತೆ ಅವರೂ ಬೆಳೆಯುತ್ತಾರೆ, ಪ್ರಾಯಕ್ಕೆ ಬರುತ್ತಾರೆ. ಆಗ, ಹಾಗೆಯೇ ಮಗನನ್ನು ಕಳೆದುಕೊಂಡ ಇನ್ನೊಂದು ಮನೆಯನ್ನು ಹುಡುಕಿ, ನಿಶ್ಚಯ ಮಾಡಿ, ಮಳೆಗಾಲದ ಆಟಿ ತಿಂಗಳಲ್ಲಿ ಸೀರೆ, ಬಳೆ, ಹೂವು ಇಟ್ಟು ಇಬ್ಬರಿಗೂ ಮದುವೆ ಮಾಡುತ್ತಾರೆ. ಊಟವೂ ಇರುತ್ತದೆ. ನಮ್ಮ ಮನೆಯಲ್ಲಿ ಯಾವ ಮದುವೆಯಾದರೂ ಹುಡುಗಿಯ ಸೋದರಮಾವನ ಒಪ್ಪಿಗೆ ಇಲ್ಲದೆ ಮಾತು ಮುಂದೆ ಹೋಗುವುದಿಲ್ಲ. ಅಂದರೆ ನನ್ನ ಒಪ್ಪಿಗೆ.

"ಹುಡುಗ ನಮ್ಮವಳಿಗಿಂತ ಎರಡು ವರ್ಷ ದೊಡ್ಡವ. ಅವನ ಅಪ್ಪ ಎತ್ತರ ಇದ್ದಾರಂತೆ, ಹಾಗಾದ್ರೆ ಅವನೂ ಎತ್ತರವೇ ಆಗಿರ್ತಾನೆ. ಜೋಡಿ ಸರಿಯಾಗ್ತದೆ," ಎಂದಳು ಅಕ್ಕ. ಆಮೇಲೆ ದನಿ ತಗ್ಗಿಸಿದಳು. "ನನಗೂ ಪ್ರಾಯವಾಯ್ತಲ್ಲ. ನಾನು ಹೋದ ಮೇಲೆ ಅವಳಿಗೆ ಯಾರಿದ್ದಾರೆ ಹೇಳು? ಒಂದು ಮನೆ ಸೇರಿದ್ರೆ ನನಗೆ ನಿಶ್ಚಿಂತೆ."

ಇಷ್ಟನ್ನು ಕೇಳಿ ನಾನು ಮಾಡಿದ್ದೇನು? ಹೂಂ ಹೂಂ ಎಂದು ಫೋನಿಟ್ಟು ಕಥೆ ಬರೆಯಲು ಕೂತೆ. ಥೂ, ಬರೆಯುವಾಗ ನನ್ನಷ್ಟಕ್ಕೆ ನಾನೇ ನಗುತ್ತಲೂ ಇದ್ದೆ.

ಕಥೆಯಲ್ಲಿ ಒಂದು ಕಂಪ್ಯೂಟರು ಸತ್ತ ಮಕ್ಕಳನ್ನು ಬೆಳೆಸಿ ಅವರಿಗೆ ಜೋಡಿ ಹುಡುಕಿಕೊಡುತ್ತದೆ. ಹುಡುಗ ಹುಡುಗಿ ಪರದೆಯ ಮೇಲೆ ಎರಡು ಚುಕ್ಕೆಗಳು. ಧಾರೆಯ ಹೊತ್ತಿಗೆ ಕರೆಂಟು ಹೋಗಿ ವರ ಮಾಯವಾಗುತ್ತಾನೆ, ಊಟಕ್ಕೆ ಕೂತವರು ಮಾತ್ರ ಎಲೆ ಬಿಟ್ಟು ಏಳುವುದಿಲ್ಲ. ಅಕ್ಕ ಹೇಳಿದ ಆ ಎತ್ತರದ ಮಾತನ್ನು ಇದ್ದದ್ದು ಇದ್ದ ಹಾಗೆ ಕಥೆಯೊಳಗೆ ಹಾಕಿದೆ. ಜನ ನಗುವುದು ಅಲ್ಲಿಯೇ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಪುರವಣಿಯಲ್ಲಿ ಬಂದ ದಿನ ಫೋನಿನ ಮೇಲೆ ಫೋನು. ಅಕ್ಕ ಕಥೆ ಓದುವವಳಲ್ಲ. ವಾಶಿಯ ದೊಡ್ಡ ಫ್ಲ್ಯಾಟಿನವರು ಕನ್ನಡ ಪೇಪರು ತರಿಸುತ್ತಾರೆಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ.

ಅವರು ತರಿಸುತ್ತಿದ್ದರು. ಹುಡುಗಿಯ ಮಾವನನ್ನು ಕರೆದುಕೊಂಡು ಒಮ್ಮೆ ಬನ್ನಿ, ಆಮೇಲೆ ನೋಡುವ ಎಂದು ಅಕ್ಕನಿಗೆ ಹೇಳಿ ಕಳಿಸಿದರು.

"ನೀನು ಎಂತದೋ ಬರೆದಿದ್ದೀಯಂತೆ," ಎಂದಳು ಅಕ್ಕ ಫೋನಿನಲ್ಲಿ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಬೈಯಲಿಲ್ಲ. ಭಾನುವಾರ ಠಾಣೆ ಸ್ಟೇಷನ್ನಿನಲ್ಲಿ ಕಾಯುತ್ತೇನೆ, ಬಾ ಎಂದಳು.

ಅಕ್ಕ ಮದುವೆ ಮಾತುಕತೆಗೆ ಹೋಗುವಾಗ ಉಡುವಂಥ ಸೀರೆ ಉಟ್ಟು, ಕೈಯಲ್ಲಿ ಹಣ್ಣಿನ ಚೀಲ ಹಿಡಿದು ನಿಂತಿದ್ದಳು. ವಾಶಿಯ ಗಾಡಿಯಲ್ಲಿ ಕೂರಲು ಜಾಗ ಸಿಕ್ಕಿತು. ಐರೋಲಿ ದಾಟಿದ ಮೇಲೆ ಕೇಳಿದಳು, "ಅವಳ ಬಗ್ಗೆಯೇ ಬರೆದದ್ದಾ?"

"ಸುಮ್ಮನೆ ತಮಾಷೆಗೆ ಅಕ್ಕ."

"ತಮಾಷೆಗಾ," ಎಂದಳು. ಮತ್ತೆ ವಾಶಿ ಬರುವವರೆಗೂ ಚೀಲದ ಹಿಡಿಯನ್ನು ಬಿಡಿಸುವುದು, ಸುತ್ತುವುದು ಮಾಡುತ್ತಿದ್ದಳು. ನಾನು ಕಿಟಕಿಯಾಚೆ ನೋಡಿದೆ. ಅಕ್ಕನ ಮುಖ ನೋಡುವ ಧೈರ್ಯ ಇರಲಿಲ್ಲ.

ಹುಡುಗನ ತಾಯಿ ಬ್ಯಾಂಕಿನಲ್ಲಿ ಆಫೀಸರ್ ಆಗಿ ನಿವೃತ್ತರಾದವರು. ಬಾಗಿಲು ತೆರೆದು, ಕೂರಿಸಿ, ಕಾಫಿ ಕೊಟ್ಟರು. ಟೀಪಾಯಿಯ ಮೇಲೆ ಪುರವಣಿ ಇತ್ತು, ನನ್ನ ಕಥೆ ಮೇಲೆ ಬರುವಂತೆ ಮಡಚಿ. ದಾರಿಯುದ್ದಕ್ಕೂ ನಾನೊಂದು ಭಾಷಣ ಸಿದ್ಧಮಾಡಿಕೊಂಡಿದ್ದೆ. ವಿಡಂಬನೆ, ಕಲ್ಪನೆ, ಲೇಖಕನ ಸ್ವಾತಂತ್ರ್ಯ ಎಲ್ಲ ಅದರಲ್ಲಿತ್ತು. ಬಾಯಿಂದ ಹೊರಟದ್ದು "ದಯವಿಟ್ಟು ಕ್ಷಮಿಸಿ" ಎಂಬ ಮಾತು ಮಾತ್ರ.

"ಕ್ಷಮೆ ಎಲ್ಲ ಬೇಡ," ಎಂದರು ಅವರು. "ಇಂಥ ಕಥೆಗಳು ನನಗೂ ಇಷ್ಟವೇ. ಟಿವಿಯಲ್ಲಿ ಬಂದದ್ದು ಒಂದನ್ನೂ ಬಿಡೋದಿಲ್ಲ. ನೀವು ಸಿನಿಮಾದ ಬಗ್ಗೆ ಬರೆಯೋದನ್ನೂ ಓದ್ತೇನೆ. ಒಂದು ಸುಳ್ಳು ಒಪ್ಪಿದ ಮೇಲೆ ಉಳಿದದ್ದೆಲ್ಲ ಸರಿ ಇರ್ಬೇಕು ಅಂತೀರಿ. ಈ ಕಥೆಯಲ್ಲಿ ಮಕ್ಕಳು ಬೆಳೆದಿದ್ದಾರೆ ಅಂತ ನೀವೇ ಒಪ್ಪಿದ್ದೀರಿ. ಮತ್ತೆ ಅವರೆಲ್ಲಿ? ಬರೇ ಚುಕ್ಕೆ ಇಟ್ಟು ಬಿಟ್ಟಿದ್ದೀರಲ್ಲ."

ನಾನು ಟೀಪಾಯಿಯ ಮೇಲಿನ ಪುರವಣಿಯನ್ನು ಮಗುಚಿಟ್ಟೆ.

"ಹೋಗ್ಲಿ. ಕಥೆ ಬಿಡಿ. ಹುಡುಗಿ ಹೇಗಿದ್ದಾಳೆ? ಅವಳ ಮಾವನ ಬಾಯಿಂದಲೇ ಕೇಳುವ ಅಂತ ಕರೆಸಿದ್ದು. ಮಾವನಿಗೇ ಅವಳು ಇಲ್ಲ ಅಂತಾದ್ರೆ ನಾವು ಯಾರನ್ನು ಮನೆ ತುಂಬಿಸಿಕೊಳ್ಳೋದು?"

ಪಕ್ಕದಲ್ಲಿ ಅಕ್ಕ ಕಾಫಿ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಕೂತಿದ್ದಳು. ಸಂಬಂಧ ಉಳಿಯುವುದೂ ಮುರಿಯುವುದೂ ನನ್ನ ಒಂದು ಮಾತಿನಲ್ಲಿತ್ತು. ನಾನು ಮಂಗಳ ಗ್ರಹದ ಅಡುಗೆಮನೆಯನ್ನು ಪುಟಗಟ್ಟಲೆ ವರ್ಣಿಸಿದವನು. ಏನಾದರೊಂದು ಕಟ್ಟಿ ಹೇಳಬಹುದಿತ್ತು. ಆದರೆ ಅಕ್ಕನ ಎದುರಿಗೆ ಅವಳ ಮಗಳನ್ನು ಕಟ್ಟಿ ಹೇಳುವುದಕ್ಕೆ ನಾಚಿಕೆಯಾಯಿತು.

"ನನಗೆ ಗೊತ್ತಿಲ್ಲ. ನಾನು ಯಾವತ್ತೂ ವಿಚಾರಿಸಲಿಲ್ಲ," ಎಂದೆ. ನೆಲ ಬಾಯಿ ಬಿಟ್ಟಿದ್ದರೆ ಒಳಗೆ ಇಳಿದುಬಿಡುತ್ತಿದ್ದೆ.

ಅವರು ನನ್ನನ್ನು ಬಿಟ್ಟು ಅಕ್ಕನ ಕಡೆ ತಿರುಗಿದರು. "ನೀವು ಹೇಳಿ."

ಅಕ್ಕ ಲೋಟ ಕೆಳಗಿಟ್ಟಳು. "ಬಣ್ಣ ನನ್ನ ಹಾಗೆ ಸ್ವಲ್ಪ ಕಪ್ಪು. ಕೂದಲು ಉದ್ದ ಉಂಟು. ಇಲ್ಲಿಯೇ ಹುಟ್ಟಿದವಳಲ್ವಾ, ನಾನು ತುಳುವಿನಲ್ಲಿ ಕರೆದ್ರೆ ಹಿಂದಿಯಲ್ಲಿ ಉತ್ತರ ಕೊಡ್ತಾಳೆ. ಬೂತಾಯಿ ಮೀನಿನ ಸಾರು ಇದ್ರೆ ಬೇರೆ ಎಂತದೂ ಬೇಡ. ಸಿಟ್ಟು ಮೂಗಿನ ಮೇಲೆ. ಲೋಕಲ್ ರೈಲಿನಲ್ಲಿ ನೂಕಿದವರಿಗೆ ಸರಿಯಾಗಿ ಬೈತಾಳೆ. ಮನೆಯಲ್ಲಿ ಮಾತ್ರ ನನ್ನ ಸೆರಗು ಬಿಡೋದಿಲ್ಲ."

ಒಂದು ಕ್ಷಣವೂ ಯೋಚಿಸದೆ ಹೇಳಿದಳು. ಪಕ್ಕದ ಕೋಣೆಯಲ್ಲಿದ್ದವಳ ಬಗ್ಗೆ ಹೇಳುವ ಹಾಗೆ. ಇಷ್ಟು ವರ್ಷ ಅಕ್ಕನ ಆ ಸಣ್ಣ ಕೋಣೆಗೆ ಹೋಗಿ ಬಂದವನು ನಾನು, ಇದರಲ್ಲಿ ಒಂದೂ ನನಗೆ ತಿಳಿದಿರಲಿಲ್ಲ.

ಹುಡುಗನ ತಾಯಿ ನಕ್ಕರು. "ನಮ್ಮವನೂ ಹಿಂದಿಯೇ. ಮರಾಠಿಯೂ ಬರ್ತದೆ. ಅವನಿಗೆ ಮೀನಿನ ಮುಳ್ಳು ತೆಗೆದು ಕೊಡ್ಬೇಕು, ಅಷ್ಟು ಸೋಮಾರಿ." ಹಾಗೆನ್ನುತ್ತ ಕಣ್ಣೊರೆಸಿಕೊಂಡರು. ಅಕ್ಕನೂ ಒರೆಸಿಕೊಂಡಳು. ಇಬ್ಬರೂ ಸೀರೆಯ ಬಣ್ಣ, ಬಡಿಸುವ ಅಡುಗೆ ಎಂದು ಮಾತಿಗಿಳಿದರು. ಆಟಿಯಲ್ಲಿ ಮಾಡುವುದೆಂದು ನಿಶ್ಚಯವಾಯಿತು. ಕೊನೆಗೆ ಅವರು ವೀಳ್ಯದ ತಟ್ಟೆ ತಂದು, ನನಗೆ ಕೊಡುವ ಮೊದಲು ಅಕ್ಕನನ್ನೇ ಕೇಳಿದರು.

"ಹುಡುಗಿಯ ಮಾವನಿಗೆ ಒಪ್ಪಿಗೆಯಾ?"

ಅಕ್ಕ ನನ್ನ ಕಡೆ ನೋಡಲಿಲ್ಲ.

"ಅವನು ಒಪ್ತಾನೆ," ಎಂದಳು. "ಅವಳಿಗೇ ಮಾವನ ಎದುರಿಗೆ ಬರ್ಲಿಕ್ಕೆ ಸಂಕೋಚ. ಇಷ್ಟು ದೊಡ್ಡವಳಾದರೂ ಅವನು ಒಂದು ದಿನವೂ ಅವಳನ್ನು ಮಾತಾಡಿಸಿದ್ದಿಲ್ಲ."