ಕಾಲು ಗಂಟೆಗೊಂದು ಫೋನು

ಗೆಳೆಯರೇ, ಗಾಬರಿ ಬೀಳಬೇಡಿ, ನಮ್ಮ ಯಜಮಾನರು ಈಗ ಹುಷಾರಾಗುತ್ತಿದ್ದಾರೆ. ಬೆಳಿಗ್ಗೆ ಅವರು ಪೋರೂರು ಕೆರೆ ಕಡೆ ವಾಕಿಂಗ್ ಹೋದರೆ ನಾನು ಕಾಲು ಗಂಟೆಗೊಮ್ಮೆ ಫೋನ್ ಮಾಡುತ್ತೇನೆ. ಇವತ್ತು ಏಳೂಕಾಲಿಗೆ, "ಇನ್ನೂ ಸತ್ತಿಲ್ಲ ಕಣೇ, ಇಡು ಫೋನು" ಎಂದು ರೇಗಿದರು. ಏಳೂವರೆಗೆ ಮಾಡಿದರೆ ಬರೀ ತೊದಲು. ಓಡಿಹೋಗಿ ನೋಡಿದರೆ ಬೆಂಚಿನ ಮೇಲೆ ಕೂತಿದ್ದಾರೆ, ಬಲಗೈ ಜೋತುಬಿದ್ದಿದೆ.

ಆಸ್ಪತ್ರೆಯಲ್ಲಿ ಸ್ಕ್ಯಾನ್ ನೋಡಿದ ಡಾಕ್ಟರು, ಮೆದುಳಿನ ನಾಳದಲ್ಲಿ ರಕ್ತ ಹೆಪ್ಪುಗಟ್ಟಿದೆ, ಅದನ್ನು ಕರಗಿಸುವ ಇಂಜೆಕ್ಷನ್ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು, ತಡವಾದರೆ ತಲೆಯೊಳಗೇ ರಕ್ತ ಸೋರುವ ಭಯ ಹೆಚ್ಚು ಎಂದರು. ಕೊನೆಯ ಸಲ ಸರಿಯಾಗಿ ಮಾತಾಡಿದ್ದು ಯಾವಾಗ ಎಂದು ಕೇಳಿ, ತಮಿಳಿನಲ್ಲಿ "ಕರೆಕ್ಟಾ ಟೈಮ್ ಸೊಲ್ಲುಂಗಮ್ಮಾ" ಎಂದರು.

"ಏಳೂಕಾಲು ಸಾರ್. ಚೆನ್ನಾಗೇ ಬೈದ್ರು" ಎಂದು ಫೋನ್ ತೋರಿಸಿದೆ. ಕೂಡಲೇ ಇಂಜೆಕ್ಷನ್ ಶುರುಮಾಡಿದರು.

ಈಗ ಬಲಗೈ ಏಳುತ್ತಿದೆ, ಮಾತೂ ತಿಳಿಯಾಗುತ್ತಿದೆ. ನರ್ಸಮ್ಮ ಕಾಲು ಗಂಟೆಗೊಮ್ಮೆ ಬಂದು, "ಕೈ ತೂಕ್ಕುಂಗಯ್ಯಾ, ಪೇರು ಸೊಲ್ಲುಂಗ" ಎನ್ನುತ್ತಾರೆ. ಇವರು ಕೈಯೆತ್ತಿ ಹೆಸರು ಹೇಳುತ್ತಾರೆ. ಆಕೆಯ ಮೇಲೆ ಒಂದು ಸಲವೂ ರೇಗಿಲ್ಲ, ನೋಡಿ.